ಪ್ರಸ್ಥಾನ ಇಟ್ಟ ಕಾರು

ನಮ್ಮವರು ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಉಪನ್ಯಾಸ ಸಿಗುತ್ತಿತ್ತು. ೨೦೧೪ರ ಮಾತು. ಸ್ಟಾಕ್‌ಪೋರ್ಟಿನ ನಮ್ಮ ಬೀದಿಯಲ್ಲಿ ಅಂಥ ಕಾರು ಅದೊಂದೇ. ಡಾಕ್ಟರಾದ ಅವರಿಗೆ ಹತ್ತಿರದ ವಿದನ್‌ಶಾದ ಆಸ್ಪತ್ರೆಗೆ ಹೋಗಿ ಬರಲು ಅದು ಬಂಗಾರದಂಥ ಕಾರು, ಸುಳ್ಳು ಹೇಳಬಾರದು. ಆದರೆ ಅವರು ಅಷ್ಟಕ್ಕೇ ನಿಲ್ಲಿಸುವವರಲ್ಲ. ಒಮ್ಮೆ ಚಾರ್ಜ್ ಮಾಡಿದರೆ ನೂರು ಮೈಲಿಗೂ ಹೆಚ್ಚು ಎಂದು ಬ್ರೋಷರಿನಲ್ಲಿದ್ದುದನ್ನು ವೇದವಾಕ್ಯದಂತೆ ಒಪ್ಪಿಸುತ್ತಿದ್ದರು. ಚಳಿಗಾಲದಲ್ಲಿ ಹೀಟರ್ ಹಾಕಿಕೊಂಡರೆ ಎಷ್ಟು ಎಂದು ಕೇಳಿದವರು ಅವರ ಲೆಕ್ಕದಲ್ಲಿ ಎತ್ತಿನಗಾಡಿಯ ಕಾಲದವರು.

ನಾನೂ ಅದೇ ಪಂಗಡ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡುತ್ತೇನೆಂದು ನೆಂಟರಿಷ್ಟರ ಮುಂದೆಲ್ಲ ನನ್ನನ್ನು ಆಡಿಕೊಳ್ಳುತ್ತಿದ್ದರು.

ಆ ಫೆಬ್ರವರಿಯ ಒಂದು ಶುಕ್ರವಾರ ಎಂಬತ್ತು ಮೈಲಿ ಆಚೆ, ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನ ಲ್ಯಾಬೊಂದರಲ್ಲಿ ನನಗೆ ಇಂಟರ್‌ವ್ಯೂ, ಮಧ್ಯಾಹ್ನ ಎರಡಕ್ಕೆ. ಮಗಳು ಹುಟ್ಟಿದ ಮೇಲೆ ಆರು ವರ್ಷ ಮನೆಯಲ್ಲಿದ್ದೆ. ಆಗಲೇ ಎರಡು ಕಡೆ ನಯವಾಗಿ ಬೇಡ ಅಂದಿದ್ದರು. ಇದೂ ಹೋದರೆ ಇನ್ನು ಅರ್ಜಿ ಹಾಕುವುದಿಲ್ಲ ಎಂದು ನಿರ್ಧರಿಸಿಬಿಟ್ಟಿದ್ದೆ. ಸ್ಟೇಷನ್ ಹತ್ತು ನಿಮಿಷದ ನಡಿಗೆ, ರೈಲಿನಲ್ಲಿ ಹೋಗುತ್ತೇನೆ ಅಂದೆ. ಅವರು ರಜೆ ಹಾಕಿದ್ದರು, ತಾವೇ ಕರೆದುಕೊಂಡು ಹೋಗಬೇಕಂತೆ. ಭವಿಷ್ಯದ ವಾಹನ ಮನೆಯಲ್ಲಿರುವಾಗ ಹೆಂಡತಿ ರೈಲಿನಲ್ಲಿ ಹೋದರೆ ಮರ್ಯಾದೆ ಏನಾಗಬೇಕು?

ಹಿಂದಿನ ದಿನ ಚಾರ್ಜಿಗೆ ಹಾಕಲು ಮರೆತಿದ್ದರು. ಬೆಳಿಗ್ಗೆ ಏಳೂವರೆಗೆ ಹಾಕಿ, ಹೊರಡುವ ಹೊತ್ತಿಗೆ ತುಂಬಿರುತ್ತದೆ ಅಂದರು. ಹನ್ನೊಂದೂಕಾಲಕ್ಕೆ ನಾನು ಇಳಿದು ಬಂದರೆ, ಕಾರು ಮನೆ ಮುಂದಿನ ಜಾಗದಲ್ಲಿಲ್ಲ, ಆಚೆ ರಸ್ತೆಯಲ್ಲಿ ನಿಂತಿದೆ. ಸೀಟಿನ ಮೇಲೆ ನನ್ನ ಸರ್ಟಿಫಿಕೇಟುಗಳ ಫೈಲು. ಎಷ್ಟು ಮುತುವರ್ಜಿ ಎಂದುಕೊಂಡು ಕೂತೆ.

ಮೋಟರ್‌ವೇಯಲ್ಲಿ ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಹೀಟರ್ ಆರಿಸಿದರು. ಆಮೇಲೆ ರೇಡಿಯೋ. ಆಮೇಲೆ ಒಂದು ಲಾರಿಯ ಹಿಂದೆ ಸೇರಿಕೊಂಡು ಅದರ ನಡಿಗೆಯಲ್ಲೇ ಹೊರಟರು. ಇಂಟರ್‌ವ್ಯೂಗೆಂದು ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಕೋಟು, ಶಾಲು, ಗ್ಲೌಸು ಎಲ್ಲ ಏರಿಸಿಕೊಂಡು, ಬಾಯಿಂದ ಹೊಗೆ ಬಿಡುತ್ತಾ ನಾನು ಭವಿಷ್ಯದೊಳಗೆ ಕೂತಿದ್ದೆ.

ಅರ್ಧ ದಾರಿಯಲ್ಲಿ, ಸ್ಟೋಕ್ ಊರಿನ ಹತ್ತಿರ, ಮೋಟರ್‌ವೇ ಪಕ್ಕದ ತಂಗುದಾಣ ಸರ್ವೀಸಸ್‌ಗೆ ತಿರುಗಿಸಿದರು. ಅಲ್ಲಿ ಎರಡು ಚಾರ್ಜರು. ಒಂದು ಕೆಟ್ಟಿತ್ತು. ಇನ್ನೊಂದಕ್ಕೆ ಯಾರೋ ಕಾರು ಸಿಕ್ಕಿಸಿದ್ದರು, ಒಡೆಯ ಒಳಗೆಲ್ಲೋ ಊಟಕ್ಕೆ ಕೂತಿರಬೇಕು. ಇಪ್ಪತ್ತು ನಿಮಿಷ ಕಾದೆವು. ಆಗ ನನಗೆ ಸಿಟ್ಟು ತಲೆಗೇರಿತು. ಏಳೂವರೆಯಿಂದ ಚಾರ್ಜಿಗಿಟ್ಟ ಕಾರು ಇಷ್ಟಕ್ಕೇ ಹೇಗೆ ಖಾಲಿಯಾಯಿತು ಎಂದು ಕೇಳಿದೆ.

ಅವರು ಸ್ಟೀರಿಂಗ್ ನೋಡುತ್ತಾ ಹೇಳಿದರು. "ಹತ್ತೂವರೆಗೆ ರಾಹುಕಾಲ ಇತ್ತಲ್ಲ. ಅದಕ್ಕೇ ಮುಂಚೇನೇ ವೈರ್ ತೆಗೆದು, ಫೈಲ್ ಇಟ್ಟು, ಗಾಡೀನ ಆಚೆ ನಿಲ್ಲಿಸ್ದೆ. ಪ್ರಸ್ಥಾನ."

ರಾಹುಕಾಲದಲ್ಲಿ ಹೊರಡಬೇಕಾಗಿ ಬಂದರೆ ಅದಕ್ಕೆ ಮೊದಲೇ ಗಂಟುಮೂಟೆಯನ್ನು ಹೊಸ್ತಿಲಾಚೆ ಇಟ್ಟು ಬಿಡುತ್ತಾರೆ, ಪ್ರಯಾಣ ಆಗಲೇ ಶುರುವಾಯಿತೆಂದು ಲೆಕ್ಕ. ನಮ್ಮತ್ತೆ ಹಾಗೇ ಮಾಡುತ್ತಿದ್ದರು. ಅವರನ್ನೂ ಇವರು ಬಿಡದೆ ಆಡಿಕೊಂಡವರೇ. ಗಂಟಿನ ಬದಲು ಕಾರನ್ನೇ ಹೊಸ್ತಿಲಾಚೆ ಇಟ್ಟು, ಮುಕ್ಕಾಲು ಗಂಟೆಯ ಕರೆಂಟನ್ನು ರಾಹುವಿಗೆ ಒಪ್ಪಿಸಿದ ವಿಜ್ಞಾನಿ ಮಾತ್ರ ಇವರೊಬ್ಬರೇ ಇರಬೇಕು.

ಬೈಯಲು ಬಾಯಿ ತೆರೆದೆ.

"ಎರಡು ಸಲ ನೀನು ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದು ನಂಗೆ ಕೇಳಿಸ್ತು," ಅಂದರು. "ಈ ಸಲ ಯಾವ ಕಡೆಯಿಂದಲೂ ತೊಂದ್ರೆ ಬರಬಾರ್ದು ಅನ್ಸಿತ್ತು."

ಫೈಲು ಎತ್ತಿಕೊಂಡೆ. ಸಿಟ್ಟು ಪೂರ್ತಿ ಇಳಿದಿತ್ತೆಂದೇನಲ್ಲ. "ಸ್ಟೋಕ್ ಸ್ಟೇಷನ್‌ಗೆ ಬಿಡ್ರೀ," ಅಂದೆ.

ಅಷ್ಟು ದೂರಕ್ಕೆ ಕಾರಿನ ಚಾರ್ಜು ಸಾಕಾಯಿತು. ಓಡಿ ರೈಲು ಹಿಡಿದೆ, ಬರ್ಮಿಂಗ್‌ಹ್ಯಾಮಿನಲ್ಲಿ ಟ್ಯಾಕ್ಸಿ ಹಿಡಿದೆ, ಎರಡಕ್ಕೆ ಐದು ನಿಮಿಷವಿರುವಾಗ ಒಳಗೆ ಹೋದೆ. ಕೈ ಬೆಚ್ಚಗಾದದ್ದು ಮೂರನೇ ಪ್ರಶ್ನೆಯ ಹೊತ್ತಿಗೆ. ಅವರ ಕಾರು ಮನೆ ಸೇರಿದ್ದು ಇನ್ನೊಂದು ಗಾಡಿಯ ಬೆನ್ನ ಮೇಲೆ.

ಕೆಲಸ ಸಿಕ್ಕಿತು. ನೂರು ಮೈಲಿಯ ಉಪನ್ಯಾಸವೂ ನಿಲ್ಲಲಿಲ್ಲ. ಅದರಲ್ಲಿ ಸ್ಟೋಕ್ ಬರುವುದಿಲ್ಲ.

ಸೇರಬೇಕಾದ ದಿನ ಸೋಮವಾರ, ಏಳೂವರೆಗೇ ರಾಹುಕಾಲ, ಏಳೂಮುಕ್ಕಾಲಕ್ಕೆ ನಾನು ಮನೆ ಬಿಡಬೇಕು. ಕ್ಯಾಲೆಂಡರ್ ನೋಡಿದ್ದೆ, ಆದರೆ ಅವರ ಎದುರು ಬಾಯಿಬಿಡಲಿಲ್ಲ. ಶೂ ಹಾಕಿಕೊಂಡು ನೋಡಿದರೆ ನನ್ನ ಬ್ಯಾಗು ಎಲ್ಲೂ ಇಲ್ಲ. ಬಾಗಿಲು ತೆರೆದೆ. ಬ್ಯಾಗು ಹೊಸ್ತಿಲಾಚೆ ಇತ್ತು, ಪಕ್ಕದಲ್ಲಿ ಊಟದ ಡಬ್ಬಿ. ಕಾರು ಮಾತ್ರ ಗೋಡೆಯ ವೈರಿಗೆ ಕಚ್ಚಿಕೊಂಡೇ ನಿಂತಿತ್ತು.