ಹಿಮಬಂಡಿಯ ಫೋರ್‌ಮನ್

ಮೊನ್ನೆ ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನ ಕೆಳಗೆ ಯಾರೋ ಗೇಟಿನ ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜುತ್ತಿದ್ದರು. ಸೀಮೆಎಣ್ಣೆಗೆ ಕಬ್ಬಿಣದ ಪುಡಿ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದುಖಾನ್‌ನ ಹಳೆಯ ವರ್ಕ್‌ಶಾಪಿನಲ್ಲಿ ಕೂತ ನಮ್ಮ ಫೋರ್‌ಮನ್ ಕಣ್ಣ ಮುಂದೆ ಬಂದರು...

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಉಡುಪಿ ಕಡೆಯಿಂದ ಗಲ್ಫಿಗೆ ಬಂದ ಹೊಸ ವೆಲ್ಡರ್. ಅವರು ಆಸ್ಟ್ರಿಯಾದವರು, ಮಾತು ಕಡಿಮೆ. ಶುಕ್ರವಾರ ಬೆಳಿಗ್ಗೆ ಒಬ್ಬರೇ ಕೂತು ಎರಡು ಉದ್ದನೆಯ ಉಕ್ಕಿನ ಪಟ್ಟಿಗಳನ್ನು ಉಜ್ಜುತ್ತಿದ್ದರು, ಕಡಲ ಗಾಳಿಗೆ ತುಕ್ಕು ಹಿಡಿಯದ ಹಾಗೆ.

"ಇದು ಯಾವ ಮೆಷಿನ್‌ದು ಸರ್?" ಎಂದು ಒಮ್ಮೆ ಕೇಳಿಯೇಬಿಟ್ಟೆ.

ಲೂಜ್ ಎಂದರು. ಹಿಮಗಟ್ಟಿದ ಓಣಿಯಲ್ಲಿ, ಕಾಲು ಮುಂದೆ ಮಾಡಿ ಅಂಗಾತ ಮಲಗಿ ಜಾರುವ ಪುಟ್ಟ ಬಂಡಿಯ ಪಂದ್ಯ. ಆ ಪಟ್ಟಿಗಳು ಬಂಡಿಯ ಅಡಿಯವು. ಹನ್ನೊಂದು ವರ್ಷ ತಮ್ಮ ದೇಶಕ್ಕಾಗಿ ಸ್ಪರ್ಧಿಸಿದವರು ಅವರು, ಅದೂ ಜೋಡಿ ಪಂದ್ಯದಲ್ಲಿ. ಗೆಳೆಯ ಮೇಲೆ, ಇವರು ಕೆಳಗೆ. ಕೆಳಗಿನವನಿಗೆ ದಾರಿ ಕಾಣುವುದಿಲ್ಲ. ಮೇಲಿನವನ ತಲೆ ವಾಲಿದ ಕಡೆಗೆ ಭುಜ ಒತ್ತಬೇಕು, ಅಷ್ಟೇ. ಕೊನೆಯ ಪಂದ್ಯದ ಒಂದು ತಿರುವಿನಲ್ಲಿ ಇವರು ಒತ್ತಿದ್ದು ತಡವಾಯಿತು. ಬಂಡಿ ಮಗುಚಿತು. ಗೆಳೆಯ ಮತ್ತೆ ಎದ್ದು ನಡೆಯಲಿಲ್ಲ. ಅವನಿಗೆ ಮುಖ ತೋರಿಸಲಾರದೆ ಇವರು ಹಿಮವೇ ಇಲ್ಲದ ದೇಶಕ್ಕೆ ಬಂದುಬಿಟ್ಟಿದ್ದರು.

ಬಂಡಿ ಮಗುಚಿ ಎಂಟು ವರ್ಷವಾದ ಮೇಲೆ, ಒಂದು ಚಳಿಗಾಲ, ಆ ಗೆಳೆಯನ ಕಾಗದ ಬಂತು. ಗಾಲಿಕುರ್ಚಿಯಲ್ಲಿ ಕೂತೇ ಮಕ್ಕಳಿಗೆ ಲೂಜ್ ಕಲಿಸುತ್ತಿದ್ದೇನೆ, ಒಮ್ಮೆ ಬಾ ಎಂದಷ್ಟೇ ಇತ್ತು. ಫೋರ್‌ಮನ್ ಅದನ್ನು ಕಿಸೆಯಲ್ಲಿಟ್ಟುಕೊಂಡು ವಾರಗಟ್ಟಲೆ ತಿರುಗಿದರು.

"ಆ ತಿರುವಿನಲ್ಲಿ ಯಾಕೆ ತಡ ಮಾಡಿದೆ ಅಂತ ಅವನು ಕೇಳಿದರೆ?" ಎಂದರು ನನ್ನೊಡನೆ, ತಮ್ಮ ಹರಕು ಇಂಗ್ಲಿಷಿನಲ್ಲಿ.

ನನ್ನದೂ ಹರಕೇ. "ಕೇಳ್ಲಿ ಸರ್. ಇಲ್ಲೇ ಕೂತ್ರೆ ಅವ್ರು ಕೇಳುದೂ ಇಲ್ಲ, ನೀವು ಹೇಳುದೂ ಇಲ್ಲ. ಯಲ್ಲಾ, ಹೊರಡಿ, ಹೋಗಿ ಬನ್ನಿ" ಎಂದೆ.

ಹೋದರು. ಮೂರು ವಾರದ ಮೇಲೆ ಬಂದವರು ನನ್ನನ್ನು ವರ್ಕ್‌ಶಾಪಿನ ಹಿಂದೆ ಕರೆದು ಕೂರಿಸಿದರು. ಗೆಳೆಯ ಏನೂ ಕೇಳಲಿಲ್ಲವಂತೆ. ತಾನೇ ಕ್ಷಮೆ ಬೇಡಿದನಂತೆ. ನಾನು ತಲೆ ವಾಲಿಸಿದ್ದೇ ತಡವಾಗಿ, ತಪ್ಪು ನನ್ನದು, ನಿನಗೆ ಬರೆಯುವ ಧೈರ್ಯ ಇಷ್ಟು ವರ್ಷ ಬರಲಿಲ್ಲ ಎಂದನಂತೆ.

"ಎಂಟು ವರ್ಷ..." ಎಂದು ಫೋರ್‌ಮನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬೇಸಿಗೆಗೆ ಮುಂಚೆ ರಾಜೀನಾಮೆ ಕೊಟ್ಟರು. ಗೆಳೆಯನ ಜೊತೆ ಸೇರಿ ಮಕ್ಕಳಿಗೆ ಕಲಿಸುವುದೆಂದು ಮಾತಾಗಿತ್ತು. "ಇಲ್ಲಿ ಖಲಾಸ್" ಎಂದು ನಕ್ಕು ಕೈಕುಲುಕಿದರು. ಮುಂದಿನ ವರ್ಷ ಒಂದು ಕಾರ್ಡು ಬಂತು, ಹಿಮದ ಮೇಲೆ ಸಾಲಾಗಿ ನಿಂತ ಪುಟ್ಟ ಮಕ್ಕಳ ಚಿತ್ರ. ನನ್ನ ಇಂಗ್ಲಿಷಿಗೆ ನಾಚಿಕೊಂಡು ನಾನು ಉತ್ತರ ಬರೆಯಲಿಲ್ಲ.

ಮೊನ್ನೆ ಸಂಜೆಯೇ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದೆ. ಫೋರ್‌ಮನ್ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಈ ನಾಲ್ಕು ವರ್ಷವೂ, ಚಳಿ ಬಂದಾಗಲೆಲ್ಲ, ಅಲ್ಲಿ ಪಂದ್ಯ ಶುರುವಾಗಿರಬೇಕು, ಅವರು ಮಕ್ಕಳ ಬಳಿ ನಿಂತಿರಬೇಕು ಎಂದೇ ನಾನು ಅಂದುಕೊಳ್ಳುತ್ತಿದ್ದೆ...