ವೋಲ್ಗಾ ದಡದ ಠಾಣೆಯಲ್ಲಿ ಒಂದು ಮಧ್ಯಾಹ್ನ

ಜರ್ಮನಿಯಲ್ಲಿ ನಾವಿರುವ ನ್ಯೂರೆಂಬರ್ಗ್‌ನಲ್ಲಿ ಪರಿಚಯವಿದ್ದವರೆಲ್ಲ ಬೇಡವೆಂದೇ ಹೇಳಿದ್ದರು. ಯುದ್ಧ ಮಾಡುತ್ತಿರುವ ರಷ್ಯಾಕ್ಕೆ ಪ್ರವಾಸ ಹೋಗುವವರುಂಟೇ ಎಂದು ನನಗೂ ಅಳುಕಿತ್ತು. ಆದರೆ ನನ್ನ ಗಂಡ ಹಟ ಹಿಡಿದಿದ್ದರು. ತೀರಿಹೋದ ನಮ್ಮ ಮಾವನವರು ಹರೆಯದಲ್ಲಿ ಕಾರ್ಖಾನೆಯ ತರಬೇತಿಗೆಂದು ವೋಲ್ಗಾ ದಡದ ಪುಟ್ಟ ಊರೊಂದರಲ್ಲಿ ಎಂಟು ತಿಂಗಳು ಇದ್ದರಂತೆ. ಅದನ್ನೊಮ್ಮೆ ನೋಡಬೇಕೆಂಬುದು ಇವರ ಆಸೆ.

"ನಮ್ದು ಇಂಡಿಯನ್ ಪಾಸ್‌ಪೋರ್ಟ್ ಕಣೇ, ಏನೂ ಪ್ರಾಬ್ಲಮ್ ಆಗಲ್ಲ," ಎಂದರು. ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ಇಸ್ತಾಂಬುಲ್ ಮಾರ್ಗವಾಗಿ ಹೊರಟೆವು.

ಊರೇನೋ ಚೆನ್ನಾಗಿತ್ತು. ಮರದ ಮನೆಗಳು, ನದಿಗಿಳಿಯುವ ಮೆಟ್ಟಿಲು, ಒಣಮೀನು ಮಾರುವ ಹೆಂಗಸರು. ಎರಡನೆಯ ದಿನ ಮಧ್ಯಾಹ್ನ ಇವರು ನದಿಯ ಪಕ್ಕ ಮಗಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಅವಳ ಹಿಂದೆ ರೈಲು ಸೇತುವೆಯಿತ್ತು. ಇಬ್ಬರು ಪೊಲೀಸರು ಬಂದವರೇ ನಮ್ಮ ಫೋನು, ಪಾಸ್‌ಪೋರ್ಟುಗಳನ್ನು ತೆಗೆದುಕೊಂಡು, ವ್ಯಾನ್ ಹತ್ತಿ ಎಂದು ಕೈ ತೋರಿಸಿದರು.

ಠಾಣೆಯಲ್ಲಿ ಇವರ ಪರ್ಸ್ ತೆರೆಸಿದಾಗ ಜರ್ಮನಿಯ ರೆಸಿಡೆನ್ಸ್ ಕಾರ್ಡು ಹೊರಬಂತು. ಒಬ್ಬ ಅದನ್ನು ತಿರುಗಿಸಿ ನೋಡಿ, "ಗೆರ್ಮಾನಿಯಾ," ಎಂದು ಇನ್ನೊಬ್ಬನಿಗೆ ಹೇಳಿದ. ಈ ಯುದ್ಧದಲ್ಲಿ ಅವರ ಶತ್ರುವಿಗೆ ಆಯುಧ ಕೊಡುತ್ತಿರುವ ದೇಶ ಅದು. ಇವರನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು.

ನಾನೂ ಮಗಳೂ ಹೊರಗೆ ಬೆಂಚಿನ ಮೇಲೆ ಕೂತೆವು. ಅವಳು ಗಟ್ಟಿಯಾಗಿ ಜರ್ಮನ್‌ನಲ್ಲಿ, ನಾವು ಹೊರಡೋದು ಯಾವಾಗ ಎಂದು ಕೇಳಿದಳು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಕನ್ನಡದಲ್ಲಿ ಮಾತಾಡು ಪುಟ್ಟಿ," ಎಂದು ಪಿಸುಗುಟ್ಟಿದೆ.

"ವಾರುಮ್?" ಎಂದಳು. ಯಾಕೆ ಎನ್ನುವುದೂ ಅವಳ ಬಾಯಿಗೆ ಜರ್ಮನ್‌ನಲ್ಲೇ ಬಂತು.

ಬಿಳಿ ಮೀಸೆಯ ಅಧಿಕಾರಿಯೊಬ್ಬ ಕುರ್ಚಿ ಎಳೆದುಕೊಂಡು ಅವಳೆದುರು ಕೂತ. ಹರೆಯದಲ್ಲಿ ಪೂರ್ವ ಜರ್ಮನಿಯಲ್ಲಿ ಸಿಪಾಯಿಯಾಗಿದ್ದೆ ಎಂದು ಹರಕು ಜರ್ಮನ್‌ನಲ್ಲಿ ಹೇಳಿ, "ನಿಮ್ಮಪ್ಪ ಯಾವುದರ ಫೋಟೋ ತೆಗೆದರು?" ಎಂದು ಕೇಳಿದ. ನಾನು ಬಾಯಿ ತೆರೆದೆ. ನನ್ನತ್ತ ನೋಡದೆಯೇ ಅಂಗೈ ಎತ್ತಿ ತಡೆದ.

"ಸೇತುವೆದು," ಎಂದಳು ಮಗಳು. "ತಾತನ ಹಳೇ ಫೋಟೋದಲ್ಲೂ ಅದೇ ಇದೆ. ನಾನೂ ಅಲ್ಲೇ ನಿಲ್ಲಬೇಕು ಅಂದರು. ನಾನು ಮುಖ ಸೊಟ್ಟ ಮಾಡ್ತಿದ್ದೆ, ಅದಕ್ಕೇ ತುಂಬಾ ಸಲ ತೆಗೆದರು."

ಅವನು ನಗಲಿಲ್ಲ. ಎದ್ದು ಒಳಕೋಣೆಗೆ ಹೋದ.

ಅಲ್ಲಿಂದ ಒಂದು ಸದ್ದೂ ಬರಲಿಲ್ಲ. ರಾಯಭಾರ ಕಚೇರಿಯ ನಂಬರು ಫೋನಿನಲ್ಲಿತ್ತು, ಫೋನು ಅವರ ಬಳಿಯಿತ್ತು. ನನ್ನನ್ನೂ ಒಳಗೆ ಕರೆದರೆ ಇವಳನ್ನು ಯಾರ ಬಳಿ ಬಿಡಲಿ? ಅದೊಂದನ್ನೇ ಯೋಚಿಸುತ್ತ ಅವಳ ಜಾಕೆಟ್ಟಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಮುಕ್ಕಾಲು ಗಂಟೆಯಾದ ಮೇಲೆ ಇವರು ಹೊರಬಂದರು. ಮುಖ ಬಿಳಿಚಿಕೊಂಡಿತ್ತು. ಫೋಟೋಗಳನ್ನೆಲ್ಲ ಅಳಿಸಿದ್ದರು.

"ಇದು ಸೇತುವೆ ಫೋಟೋ ತೆಗೆಯುವ ಕಾಲವಲ್ಲ. ನಾಳೆಯೇ ಹೊರಡಿ," ಎಂದು ಅಧಿಕಾರಿ ಪಾಸ್‌ಪೋರ್ಟುಗಳನ್ನು ನನ್ನ ಕೈಗೆ ಕೊಟ್ಟ.

ರಸ್ತೆಗೆ ಬಂದ ಮೇಲೆ ಇವರು, "ಒಂದು ಪೇಪರ್‌ಗೆ ಸೈನ್ ಹಾಕಿಸ್ಕೊಂಡ್ರು," ಎಂದರು.

"ಅದರಲ್ಲಿ ಏನಿತ್ತು ರೀ?"

"ಗೊತ್ತಿಲ್ಲ. ರಷ್ಯನ್‌ನಲ್ಲಿತ್ತು."

ಮರುದಿನ ಮೊದಲ ಬಸ್ಸಿಗೇ ಹೊರಟೆವು. ವಿಮಾನ ನೆಲ ಬಿಡುವವರೆಗೂ ಯಾರೋ ನಮ್ಮ ಹೆಸರು ಕೂಗುತ್ತಾರೆಂದೇ ಕಾದಿದ್ದೆ. ಆ ಕಾಗದದಲ್ಲಿ ಏನಿತ್ತೆಂದು ಇವತ್ತಿಗೂ ತಿಳಿಯದು. ಮುಂದಿನ ವಾರ ಮನೆಗೆ ಬಂದ ಗೆಳೆಯರು ಟ್ರಿಪ್ ಹೇಗಿತ್ತು ಎಂದು ಕೇಳಿದಾಗ ಇವರು, "ಚೆನ್ನಾಗಿತ್ತು," ಎಂದರು. ನಾನು ಕಾಫಿ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋದೆ.