ಕೀಳದೆ ಬಿಟ್ಟ ಎರಡು ದಾಸವಾಳ

2023ರ ಜನವರಿ. ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಯ ಟೆರೇಸ್ ತೋಟದಲ್ಲಿ ದಾಸವಾಳಕ್ಕೆ ಕಸಿ ಕಟ್ಟುವುದು ಆಗ ನನ್ನ ಕೆಲಸ. ಸಂಬಳವಿಲ್ಲ, ರಜೆಯೂ ಇಲ್ಲ. ಅಡುಗೆ ಮುಗಿಸಿ, ಬ್ಲೇಡು, ಟೇಪು, ಭೂತಗನ್ನಡಿ ಇಟ್ಟ ಬಿಸ್ಕೆಟ್ ಡಬ್ಬಿ ಹಿಡಿದು ಮೇಲೆ ಹೋಗುತ್ತಿದ್ದೆ. ಒಂದೇ ತರಹ ಕಾಣುವ ಗಿಡಗಳನ್ನು ತಂದು ‘ಇದು ಯಾವ ಜಾತಿ, ನೋಡಿ ಹೇಳಿ’ ಎಂದು ಕೇಳುವವರೂ ಇದ್ದರು. ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸಿದ ಸಿಸ್ಟರ್, ಬಟ್ಟೆಯನ್ನು ಮೊದಲು ಮಗುಚಿ ಹಿಂಬದಿ ನೋಡುತ್ತಿದ್ದರು. ಎಸಳನ್ನೂ ನಾನು ಹಾಗೆಯೇ ಮಗುಚಿ ನೋಡುತ್ತೇನೆ. ಹೆಚ್ಚಿನ ಸಲ ಅಷ್ಟರಲ್ಲೇ ಉತ್ತರ ಸಿಗುತ್ತದೆ. ಆ ಸಲ ಸಿಗಲಿಲ್ಲ.

ಹೈಬ್ರಿಡ್ ದಾಸವಾಳದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿ ಬೀಜ ಕಟ್ಟಿಸುತ್ತಾರೆ. ಒಂದೇ ಕಾಯಿಯ ಬೀಜಗಳಾದರೂ ಒಂದರ ಹೂವಿನಂತೆ ಇನ್ನೊಂದರದು ಇರುವುದಿಲ್ಲ. ಹೀಗೆ ಬೀಜದಿಂದ ಎದ್ದದ್ದು ಸೀಡ್ಲಿಂಗ್. ಕಸಿ ಕಟ್ಟುವ ಮೊದಲೇ ಅದು ಕೈತಪ್ಪಿದರೆ ಆ ಹೂವು ಜಗತ್ತಿನಲ್ಲಿ ಮತ್ತೆ ಹುಟ್ಟುವುದಿಲ್ಲ.

ಅಂಥ ಒಂದು ಸೀಡ್ಲಿಂಗ್ ನಮ್ಮ ಮೂರನೇ ಮಹಡಿಯ ಜಯಂತಿಯದು. ಉಡುಪಿ ಕಡೆಯವಳು, ಗಂಡನಿಗೆ ಭಾಂಡುಪ್‌ನಲ್ಲಿ ಹೋಟೆಲು. ಎದುರು ಮನೆಯ ಗೆಳತಿ ಕಸ್ತೂರಿಯ ಕಿತ್ತಳೆ ದಾಸವಾಳದಿಂದ ಪರಾಗ ತೆಗೆದು ತನ್ನ ಹಳೆಯ ಗಿಡಕ್ಕೆ ಸವರಿದ್ದಳು. ಬದುಕಿದ್ದು ಒಂದೇ ಸಸಿ. ಹೂ ಬಿಟ್ಟಾಗ ನೋಡಿದರೆ ಅಚ್ಚು ಕಸ್ತೂರಿಯ ಹೂವೇ! ಕಾಂಡ ಇನ್ನೂ ಎಳೆಯದಾಗಿದ್ದರಿಂದ ಕಸಿಗೆ ಸ್ವಲ್ಪ ಕಾಯೋಣ ಎಂದಿದ್ದೆ.

ಅಷ್ಟರಲ್ಲಿ ಟೆರೇಸಿನ ವಾಟರ್‌ಪ್ರೂಫಿಂಗ್ ಶುರುವಾಯಿತು. ಕುಂಡಗಳನ್ನೆಲ್ಲ ಪಾರ್ಕಿಂಗಿಗೆ ಇಳಿಸುವಾಗ ಹಲವು ಒಡೆದವು. ಕೆಲಸಗಾರರು ಪಾಪ, ಗಿಡ ಒಣಗಬಾರದೆಂದು ಒಡೆದ ಕುಂಡದವನ್ನು ಪೇಂಟಿನ ಖಾಲಿ ಬಕೆಟುಗಳಲ್ಲಿ ನೆಟ್ಟು, ತಾಗುವ ಕೊಂಬೆಗಳನ್ನೂ ಕತ್ತರಿಸಿಬಿಟ್ಟರು. ಮತ್ತೆ ಮೇಲೆ ಬಂದಾಗ ಜಯಂತಿಯ ಗಿಡ, ಕಸ್ತೂರಿಯ ಗಿಡ ಎರಡೂ ಒಂದೇ ಬಿಳಿ ಬಕೆಟು, ಒಂದೇ ಎತ್ತರ. ಕಸ್ತೂರಿಯದೂ ತನ್ನ ಹಳೆಯ ಗಿಡದ ಕಡ್ಡಿ ನೆಟ್ಟು ಹೊಸದಾಗಿ ಎಬ್ಬಿಸಿದ್ದು, ಕಾಂಡ ಅಷ್ಟೇ ತೆಳ್ಳಗೆ. ಕಸ್ತೂರಿಯ ಮನೆಯವರಿಗೆ ದಹಿಸರ್ ಕಡೆ ಕೆಲಸವಾಗಿ, ಬರುವ ಭಾನುವಾರ ಸಾಮಾನು ಸಾಗಿಸಲು ಟೆಂಪೋ ಹೇಳಿಯಾಗಿತ್ತು. ಒಂದು ಬಕೆಟು ಅದರಲ್ಲಿ ಹೋಗಬೇಕು. ಯಾವುದು?

“ನನ್ನದು ಯಾವುದಂತ ನಂಗೇ ಗೊತ್ತಾಗುದಿಲ್ಲ ಅಂದ್ರೆ ಎಂಥ ಅವಸ್ಥೆ ಲೀನಕ್ಕ!” ಎಂದಳು ಜಯಂತಿ. “ಇವಳು ತಪ್ಪಿ ನನ್ನದನ್ನೇ ತಕೊಂಡು ಹೋದ್ರೆ?”

ಕಸ್ತೂರಿ ಗದಗಿನವಳು, ಮಾತು ನೇರ. “ತಪ್ಪಿ ಅಂತ ಯಾಕಂತೀ, ಕದ್ದು ಅನ್ನಬೇ. ಹಂಗಾರ ಎರಡೂ ನೀನ ಇಟ್ಕೋ. ಬರೇ ಬಕೆಟ್ ಒಯ್ತೀನಿ ನಾ.”

“ನಾನು ಹಾಗೆ ಹೇಳಿದ್ನಾ ಮಾರಾಯ್ತಿ?”

ಪ್ರತಿದಿನ ಒಟ್ಟಿಗೆ ತರಕಾರಿಗೆ ಹೋಗುವವರು ಅಂದಿನಿಂದ ಬೇರೆ ಬೇರೆ ಹೋಗತೊಡಗಿದರು. ಎರಡಕ್ಕೂ ಕಸಿ ಕಟ್ಟಿಬಿಡೋಣವೆಂದು ಯೋಚಿಸಿದೆ. ಆದರೆ ಕಸಿ ಹಿಡಿದೇ ಹಿಡಿಯುತ್ತದೆಂದು ಹೇಳುವಂತಿಲ್ಲ. ಹಿಡಿದರೂ ನಡುವೆ ಬಿದ್ದ ಅನುಮಾನ ಹೋಗುವುದಿಲ್ಲ.

ಎಲೆಯ ಅಂಚು, ನರ, ಚಿಗುರಿನ ಬಣ್ಣ, ಮೊಗ್ಗನ್ನು ಹಿಡಿದಿರುವ ಹಸಿರು ಬಟ್ಟಲು, ಎಲ್ಲವನ್ನೂ ಭೂತಗನ್ನಡಿಯಲ್ಲಿ ನೋಡಿದೆ. ವ್ಯತ್ಯಾಸವಿಲ್ಲ. ಇಬ್ಬರ ಮೊಬೈಲಿನ ಫೋಟೋಗಳನ್ನೂ ನೋಡಿದೆ. ಎಲ್ಲವೂ ಬೆಳಗಿನವು, ಎಲ್ಲವೂ ಒಂದೇ. ಶುಕ್ರವಾರ ಬೆಳಿಗ್ಗೆ ಎರಡರಲ್ಲೂ ಒಂದೊಂದು ಹೂವು ಅರಳಿತು. ಕಿತ್ತಳೆ ಎಸಳು, ನಡುವೆ ಕಡುಗೆಂಪು ಕಣ್ಣು, ಅದರ ಸುತ್ತ ದಾರದಷ್ಟು ತೆಳು ಬಿಳಿ ಉಂಗುರ. ಮಗುಚಿದರೆ ಹಿಂಬದಿಯೂ ಒಂದೇ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ನಾನು ಕನ್ನಡಕ ಒರೆಸುತ್ತಿರುವಾಗಲೇ ಜಯಂತಿಯ ಕೈ ಹೂವಿನ ತೊಟ್ಟಿಗೆ ಹೋಯಿತು. ಇನ್ನೊಂದಕ್ಕೆ ಕಸ್ತೂರಿಯ ಕೈ.

“ಅಯ್ಯೋ, ಕೀಳಬೇಡಿ!” ಎಂದೆ.

“ದೇವರಿಗೆ ಬೇಡ್ವಾ?” ಎಂದಳು ಜಯಂತಿ.

ಆಗ ಹೊಳೆಯಿತು. ನಮ್ಮದು ಕ್ರೈಸ್ತರ ಮನೆ. ದಾಸವಾಳ ಕೊಯ್ದು ಏರಿಸುವ ಕ್ರಮ ನಮ್ಮಲ್ಲಿಲ್ಲ. ನನ್ನ ಹೂವು ತಾನಾಗಿ ಉದುರುವ ತನಕ ಗಿಡದಲ್ಲೇ ಇರುತ್ತದೆ. ಇವರಿಬ್ಬರೋ ಸ್ನಾನ ಮುಗಿಸಿ ಬಂದು, ಪೂರ್ತಿ ಬಿರಿಯುವ ಮೊದಲೇ ಕೊಯ್ಯುವವರು. ಮಗುವಿನಂತೆ ಸಾಕಿದ ಗಿಡದಲ್ಲಿ ಮಧ್ಯಾಹ್ನದ ಹೂವನ್ನು ಇಬ್ಬರೂ ಒಮ್ಮೆಯೂ ಕಂಡವರಲ್ಲ.

“ಇವತ್ತೊಂದು ದಿನ ದೇವರಿಗೆ ತುಳಸಿ ಸಾಕು” ಎಂದೆ. ಇಬ್ಬರೂ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಊಟ ಮುಗಿಸಿ ಕುರ್ಚಿ ಹಾಕಿಕೊಂಡು ಕುಳಿತೆವು. ಜಯಂತಿ ಒಂದು ಬದಿ, ಕಸ್ತೂರಿ ಇನ್ನೊಂದು ಬದಿ, ನಡುವೆ ನಾನು ಮತ್ತು ಚಹಾದ ಫ್ಲಾಸ್ಕು. ಬಿಸಿಲು ವಾಲುತ್ತಿದ್ದಂತೆ ಎಡಗಡೆಯ ಹೂವಿನ ಕಿತ್ತಳೆ ತಿಳಿಯಾಗಿ ಗುಲಾಬಿಯತ್ತ ತಿರುಗಿತು. ಬಲಗಡೆಯದರಲ್ಲಿ ಕೆಂಪು ಕಣ್ಣಿನ ಸುತ್ತ ಏನೋ ಮಸುಕು ಕಾಣಿಸಿಕೊಂಡಿತು. ನನ್ನ ಕನ್ನಡಕದ ಕಲೆ ಇರಬೇಕೆಂದುಕೊಂಡೆ. ಅಲ್ಲ. ಬೂದು ಬೆರೆತ ನೇರಳೆ, ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತೆ, ಎಸಳಿನ ನರಗಳ ಗುಂಟ ಹೊರಗೆ ಹೊರಗೆ ಹೋಗುತ್ತಿತ್ತು.

ಜಯಂತಿ ಎದ್ದು ನಿಂತಳು. “ಇಲ್ಲಿ ದೀಪ ಎಲ್ಲುಂಟು? ಹೊಗೆ ಎಲ್ಲಿಂದ ಬಂತು?”

“ಏನ್ ಹೊಗೀ?” ಎಂದಳು ಕಸ್ತೂರಿ.

“ದೇವರ ಮೇಲಿಟ್ಟ ಹೂವು ಸಂಜೆಗೆ ಹೀಗೇ ಬೂದಿ ಬಣ್ಣ ಆಗುದು. ದೀಪದ ಹೊಗೆ ಹಿಡಿದದ್ದು ಅಂತ ಗ್ರಹಿಸಿದ್ದೆ ನಾನು. ಎಣ್ಣೆ ಕಲಬೆರಕೆ ಅಂತ ಅಂಗಡಿಯವನಿಗೆ ಎಷ್ಟು ಬೈದಿದ್ದೇನೆ ಗೊತ್ತುಂಟಾ!”

ಕಸ್ತೂರಿಗೆ ನಗು ತಡೆಯಲಾಗಲಿಲ್ಲ. “ಪಾಪ, ಅಂವಾ ಎರಡ ಸಲ ಎಣ್ಣಿ ಬದಲ ಮಾಡಿ ಕೊಟ್ಟಾನಲ್ಲೇ!” ನಕ್ಕು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. “ನಂದು ಸಂಜಿ ದೀಪ ಹಚ್ಚೂದ್ರಾಗ ಮುಚ್ಕೊಂಡಿರ್ತದ, ಅಕ್ಕಾರ. ಬಣ್ಣ ಹಿಂಗ ಎಂದೂ ಆಗಿಲ್ಲ.”

ಎಡಗಡೆಯದು ಅವಳ ಮಾತು ಕೇಳಿದಂತೆ ಸೂರ್ಯ ಮುಳುಗುವ ಹೊತ್ತಿಗೆ ಅಂಚು ಮಡಿಸತೊಡಗಿತು. ಆದರೂ ರಾತ್ರಿ ಕಳೆಯಲಿ ಎಂದೆ.

ಶನಿವಾರ ಬೆಳಿಗ್ಗೆ ಮೇಲೆ ಹೋದಾಗ ಗೆಳತಿಯರಿಬ್ಬರೂ ನನಗಿಂತ ಮೊದಲೇ ಬಂದು ಒಂದೇ ಬಕೆಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಎಡಗಡೆಯ ಹೂವು ಮಡಿಸಿದ ಕೊಡೆಯಂತೆ ಸುರುಳಿ ಸುತ್ತಿಕೊಂಡಿತ್ತು. ಬಲಗಡೆಯದು ನಿನ್ನೆಗಿಂತ ಅಗಲವಾಗಿ ತೆರೆದಿತ್ತು. ಕಿತ್ತಳೆಯೆಲ್ಲ ಕಣ್ಮರೆಯಾಗಿ, ಮಳೆಗಾಲದ ಮುಗಿಲಿನ ಬಣ್ಣದ ಎಸಳುಗಳ ತುದಿಯಲ್ಲಿ ಮಾತ್ರ ಬಂಗಾರದ ಒಂದು ಎಳೆ. ನಲವತ್ತು ದಾಟಿದ ಮೇಲೆ ಕಸಿ ಕಲಿತವಳು ನಾನು. ಎಷ್ಟೋ ಹೂವು ಕಂಡಿದ್ದೇನೆ. ಅಂಥದ್ದನ್ನು ಕಂಡಿರಲಿಲ್ಲ. ಅಡುಗೆಮನೆಯ ಕೆಲಸದ ನಡುವೆ, ಬಣ್ಣದ ಪೆಟ್ಟಿಗೆಯ ಕುಂಚದಿಂದ ಜಯಂತಿ ಒಮ್ಮೆ ಸವರಿದ ಪರಾಗದಿಂದ ಇದು ಬಂದಿದೆ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

“ತಗೋಬೇ, ನಿನ್ನ ಕೂಸು” ಎಂದು ಕಸ್ತೂರಿ ಆ ಬಕೆಟನ್ನು ತಾನೇ ಜಯಂತಿಯ ಕಡೆ ಸರಿಸಿದಳು. “ಕಸಿ ಆದ ಮ್ಯಾಲೆ ನನಗೂ ಒಂದು ಬೇಕು. ಅದರಪ್ಪ ನನ್ನ ಮನ್ಯಾಗ ಇರ್ತಾನ.”

“ಕೊಡುವ. ಟೆಂಪೋದಲ್ಲಿ ಕಳಿಸುದಿಲ್ಲ ಮಾತ್ರ. ನೀನೇ ಬಂದು ಊಟ ಮಾಡಿ ತಕೊಂಡು ಹೋಗ್ಬೇಕು.”

ಭಾನುವಾರ ಕಸ್ತೂರಿಯ ಗಿಡ ಟೆಂಪೋದಲ್ಲಿ ಅಲುಗದಂತೆ ಹಾಸಿಗೆ ಸುರುಳಿಯ ನಡುವೆ ಕೂರಿಸಿದ್ದು ಜಯಂತಿಯೇ.

ಈಗಲೂ ಯಾರಾದರೂ ಎರಡು ಹೂವಿನ ಫೋಟೋ ಕಳಿಸಿ, ಇವೆರಡೂ ಒಂದೇ ತಾನೇ ಎಂದು ಕೇಳುವುದುಂಟು. ಫೋಟೋ ನೋಡಿ ನಾನು ಉತ್ತರ ಹೇಳುವುದಿಲ್ಲ. ಹೂವನ್ನು ಗಿಡದಲ್ಲೇ ಬಿಡಿ, ನಾಳೆ ಬೆಳಿಗ್ಗೆ ನೋಡಿ ಫೋನ್ ಮಾಡಿ ಎನ್ನುತ್ತೇನೆ.